ಕಣ್ಣಿನ ಕಸ ಯಾರು ತೆಗೆದರು?

ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಂತು "ಮೈಯಲ್ಲಿ ಎಲ್ಲಾದರೂ ಕಬ್ಬಿಣ ಇದೆಯಾ?" ಎಂದು ಕೇಳಿದರೆ "ಇದೆ" ಎಂದವರನ್ನು ನಮ್ಮ ತುಮಕೂರಿನಲ್ಲಿ ನಾನಂತೂ ಕಂಡಿಲ್ಲ. "ನಾನೇನು ಟ್ರ್ಯಾಕ್ಟರಾ ಮೇಡಂ?" ಎಂದು ನಗುತ್ತಾರೆ. ಹಾಗೆ ನಗುವವರ ಜೇಬಿನಲ್ಲಿ ಬೀಗದ ಕೈ ಇರುತ್ತದೆ, ಉಡಿದಾರದಲ್ಲಿ ತಾಯಿತ ಇರುತ್ತದೆ, ತುರುಬಿನೊಳಗೆ ಇಡೀ ಒಂದು ಪೊಟ್ಟಣದ ಹೇರ್‌ಪಿನ್ನುಗಳು ಅಡಗಿರುತ್ತವೆ. ಅವರು ಸುಳ್ಳು ಹೇಳುತ್ತಾರೆಂದಲ್ಲ. ದಿನಾ ಮೈಮೇಲಿರುವುದು ಮೈಯೇ ಆಗಿಬಿಟ್ಟಿರುತ್ತದೆ, ಅಷ್ಟೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಯಾವ ಬಟನ್ನು ಯಾವಾಗ ಒತ್ತಬೇಕೆಂದು ಕಂಪನಿಯವರು ನನಗಿಂತ ಚೆನ್ನಾಗಿ ಕಲಿಸುತ್ತಾರೆ. ನಾನು ಕಲಿಸಬಲ್ಲದ್ದು ಒಂದೇ, ರೋಗಿಯ ಬಾಯಿ ಬಿಡಿಸುವುದು. ಅದು ಬಾರದಿದ್ದರೆ ಅಂತರಸನಹಳ್ಳಿಯ ಒಬ್ಬ ಲೇತ್ ಕೆಲಸಗಾರನ ಎಡಗಣ್ಣು ನನ್ನ ಮೆಷಿನ್ನಿನಲ್ಲೇ ಹೋಗುತ್ತಿತ್ತು. ಅವನ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಆ ವಿದ್ಯೆ ನನಗೆ ಎಲ್ಲಿಂದ ಬಂತು ಎಂದು ಹೇಳದಿದ್ದರೆ ಗುರುವಿಗೆ ದ್ರೋಹ ಮಾಡಿದಂತಾಗುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಗುಬ್ಬಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸಕ್ಕೆ ಸೇರಿದೆ. ಹೆಂಗಸೊಬ್ಬಳು ಎಕ್ಸ್‌ರೇ ತೆಗೆಯುತ್ತಾಳೆ ಎಂಬುದೇ ಆಗ ಊರಿಗೆ ಸುದ್ದಿ. ಸಂತೆಗೆ ಬಂದವರು ಕೆಮ್ಮಿಲ್ಲದಿದ್ದರೂ ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬಿನ ಕೆಳಗೆ ಫಿಲ್ಮನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಅದ್ದಿ ತೊಳೆದು, ಒಗೆದ ಬಟ್ಟೆಯ ಹಾಗೆ ನೇತುಹಾಕಬೇಕು. ಆ ಔಷಧಿಯ ಕಲೆ ಬಿದ್ದ ಸೀರೆಯನ್ನು ಯಾವ ಸೋಪೂ ಉದ್ಧಾರ ಮಾಡುತ್ತಿರಲಿಲ್ಲ.

ಅಲ್ಲಿ ನನ್ನ ಮೇಲಿದ್ದವರು ಸಿದ್ದಪ್ಪನವರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಬಾಯಲ್ಲಿ ಎಲೆಯಡಿಕೆ, ಮೂಗಿನ ತುದಿಯಲ್ಲಿ ಕೋಪ. ಒಂದು ದಿನ ಅತ್ತೆಯೊಬ್ಬಳು ಸೊಸೆಯನ್ನು ಸೊಂಟ ನೋವೆಂದು ಕರೆತಂದಳು. ಬಸುರಿಗೆ ಎಕ್ಸ್‌ರೇ ತೆಗೆಯಬಾರದೆಂದು ಪುಸ್ತಕದಲ್ಲಿ ಓದಿದ್ದ ನಾನು "ಮುಟ್ಟಾಗಿ ಎಷ್ಟು ದಿನ ಆಯ್ತಮ್ಮ?" ಎಂದು ಕೇಳಿದೆ. ಹುಡುಗಿ ಅತ್ತೆಯ ಮುಖ ನೋಡಿ "ಮೊನ್ನೆ ಆದೆ" ಎಂದಳು. ನಾನು ಅವಳನ್ನು ಟೇಬಲ್ಲಿಗೆ ಹತ್ತಿಸಲು ಹೊರಟಿದ್ದೆ. ಸಿದ್ದಪ್ಪನವರು ಬಾಯಿಯ ರಸ ಉಗಿದು ಬಂದು, "ಗಿರಿಜಾ, ಮಗೀಗೆ ಬಾಯಾರ್ಕೆ ಆಗಿರೋ ಹಂಗದೆ. ನಲ್ಲಿ ತಾವ್ ಕರ್ಕೊಂಡೋಗು" ಎಂದರು.

ನಲ್ಲಿಯ ಹತ್ತಿರ ನಾನು ಏನೂ ಕೇಳಲಿಲ್ಲ. ಹುಡುಗಿ ತಾನಾಗಿಯೇ, "ಅಕ್ಕ, ಎರಡು ತಿಂಗ್ಳು ನಿಂತೈತೆ. ಹೋದ್ಸಲ ಹೇಳ್ಕೊಂಡ್ ಮೇಲೆ ಇಳಿದೋಯ್ತು. ಅದ್ಕೇ ಯಾರ್ಗೂ ಹೇಳಿಲ್ಲ" ಎಂದು ಅತ್ತಳು. ಸಿದ್ದಪ್ಪನವರು ಅತ್ತೆಗೆ ಮೆಷಿನ್ ಕೆಟ್ಟಿದೆಯೆಂದು ಹೇಳಿ ಲೇಡಿ ಡಾಕ್ಟರ ಹತ್ತಿರ ಕಳಿಸಿದರು. ಆಮೇಲೆ ನನಗೆ ಹೇಳಿದ ಮಾತು ಇದು: "ಪ್ರಶ್ನೆ ಕೇಳಿದ್ರೆ ಉತ್ರ ಬರ್ತದೆ ಕಣಮ್ಮ, ನಿಜ ಬರಲ್ಲ. ಕತೆ ಕೇಳು."

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಸಾವಿರದ ನಂತರದ ವರ್ಷಗಳಲ್ಲಿ ತುಮಕೂರಿನ ಸ್ಕ್ಯಾನಿಂಗ್ ಸೆಂಟರಿಗೆ ಬಂದೆ. ಅಲ್ಲಿ ಹೊಸದಾಗಿ ಎಂಆರ್‌ಐ ಬಂದಿತ್ತು. ಎಕ್ಸ್‌ರೇಯಲ್ಲಿ ಕಿರಣದ ಭಯ. ಇದರಲ್ಲಿ ಕಿರಣವೇ ಇಲ್ಲ, ಇರುವುದು ಅಯಸ್ಕಾಂತ. ಆದರೆ ಎಂಥ ಅಯಸ್ಕಾಂತ! ಬಾಗಿಲ ಪಕ್ಕದಲ್ಲಿ ಕಂಪನಿಯವರು ದೊಡ್ಡ ಬೋರ್ಡು ಹಾಕಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ಲೋಹದ ವಸ್ತು ತರಬಾರದೆಂದು, ಕೆಳಕೆಳಗೆ ಹೋದಂತೆ ಅಕ್ಷರ ಸಣ್ಣದಾಗುತ್ತಾ ಹೃದಯದ ಪೇಸ್‌ಮೇಕರು, ತಲೆಯೊಳಗಿನ ಕ್ಲಿಪ್ಪು, ಮೂಳೆಯೊಳಗಿನ ರಾಡು, ಕಣ್ಣಿನೊಳಗಿನ ಲೋಹದ ಚೂರು ಎಂದೆಲ್ಲ ಬರೆದಿತ್ತು. ಆ ಬೋರ್ಡನ್ನು ಪೂರ್ತಿ ಓದಿದವಳು ಬಹುಶಃ ನಾನೊಬ್ಬಳೇ, ಅದೂ ಒರೆಸುವಾಗ.

ನಮ್ಮ ಹೆಂಗಸರ ತಾಳಿ ಸರದ ವಿಷಯ ಆ ಬೋರ್ಡು ಬರೆದವರಿಗೆ ಗೊತ್ತೇ ಇರಲಿಲ್ಲ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ. ಆದರೆ ನಮ್ಮಲ್ಲಿ ತಾಳಿ ಸರ ಎಂದರೆ ಬರೀ ಚಿನ್ನವೇ? ಸೀರೆಗೆ ಒಂದು, ರವಿಕೆಗೆ ಒಂದು, ಅಕ್ಕಪಕ್ಕದವರು ಕೇಳಿದರೆ ಕೊಡಲು ಇನ್ನೆರಡು, ಹೀಗೆ ಪಿನ್ನುಗಳ ಗೊಂಚಲೇ ಅದರಲ್ಲಿ ನೇತಾಡುತ್ತಿರುತ್ತದೆ. ಒಬ್ಬಾಕೆ ತಾಳಿ ತೆಗೆಯುವುದಿಲ್ಲ ಎಂದು ಹಟ ಹಿಡಿದಳು. ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟಿದ್ದೇ ತಡ, ಸರ ಎದೆಯಿಂದ ಮೇಲೆದ್ದು ಮೆಷಿನ್ನಿನ ಕಡೆ ಮುಖ ಮಾಡಿ ನಿಂತಿತು. ಆಕೆ ಸ್ವಾಮಿಯ ಪವಾಡ ಎಂದು ಕೈ ಮುಗಿದಳು. ನಾನು ರಟ್ಟೆ ಹಿಡಿದು ಹೊರಗೆಳೆದೆ. ಆಮೇಲೆ ನಾನೊಂದು ಪದ್ಧತಿ ಮಾಡಿದೆ. ತಾಳಿ ತೆಗೆಯಲು ಮನಸ್ಸು ಒಪ್ಪದವರಿಗೆ ಅರಿಸಿನ ಹಚ್ಚಿದ ದಾರ ಕೊಡುತ್ತಿದ್ದೆ, ಅದನ್ನು ಕೊರಳಿಗೆ ಕಟ್ಟಿಕೊಂಡು ಸರವನ್ನು ತಾಯಿಯ ಕೈಗೋ ಅತ್ತೆಯ ಕೈಗೋ ಕೊಟ್ಟು ಒಳಗೆ ಬರುತ್ತಿದ್ದರು. ನಮ್ಮ ಡಾಕ್ಟರು ನೋಡಿ, "ಪರವಾಗಿಲ್ವೇ ಗಿರಿಜಮ್ಮ, ಅರಿಸಿನದ ಖರ್ಚು ಸೆಂಟರಿಗೇ ಹಾಕಿ" ಎಂದರು.

ಅಯಸ್ಕಾಂತಕ್ಕೂ ನಮ್ಮ ಮನೆಯ ಕರೆಂಟಿಗೂ ಸಂಬಂಧವಿಲ್ಲ ಎಂಬುದನ್ನು ಜನಕ್ಕೆ ಹೇಳಿ ಹೇಳಿ ನನ್ನ ಗಂಟಲು ಸವೆದಿದೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಒಳಗಿದ್ದ ರೋಗಿಯನ್ನು ಆಚೆ ಕರೆತಂದು ಕೂರಿಸಿ, ಜನರೇಟರ್ ಹಾಕಿಸಲು ಕೂಗುತ್ತಿದ್ದೆ. ಆ ರೋಗಿಯ ಭಾವಮೈದ ಗುಬ್ಬಿ ಕಡೆಯವನು. ಸ್ಕ್ಯಾನು ಮಾಡಿದರೆ ಮೈಗೆ ಉಷ್ಣ ಆಗುತ್ತದೆಂದು ಯಾರೋ ಹೇಳಿದ್ದರಂತೆ, ಪಾಪ, ಚೀಲದಲ್ಲಿ ಎಳನೀರು ತಂದಿದ್ದ. ಎಳನೀರಿದ್ದ ಮೇಲೆ ಮಚ್ಚು ಬೇಡವೇ? ಅದೂ ಅದೇ ಚೀಲದಲ್ಲಿತ್ತು. ಭಾವ ಬಿಟ್ಟು ಬಂದ ಚಪ್ಪಲಿ ತರೋಣ ಎಂದು ತೆರೆದ ಬಾಗಿಲಲ್ಲಿ ನುಗ್ಗಿದ. ಚೀಲ ಹರಿದು ಮಚ್ಚು ಹಾರಿ ಹೋಗಿ ಮೆಷಿನ್ನಿನ ಬಾಯಿಗೆ ಢಣ್ ಎಂದು ಬಡಿದು ಅಂಟಿಕೊಂಡಿತು. ಎಳನೀರು ಕೋಣೆ ತುಂಬ ಉರುಳಾಡಿದವು.

"ಕರೆಂಟ್ ಹೋಗೈತಲ್ಲ ಮೇಡಂ, ಆಫ್ ಆಗಿರ್ತದೆ ಅನ್ಕಂಡೆ" ಎಂದ ಅವನು.

"ಅದು ಆಫ್ ಆಗಲ್ಲ ಕಣಪ್ಪ. ನೀನು ಮಲಗಿದ್ರೂ ಎದ್ರೂ, ಹಬ್ಬ ಇದ್ರೂ ರಜ ಇದ್ರೂ ಅದು ಎಳೀತಾನೇ ಇರ್ತದೆ."

ಬೆಂಗಳೂರಿನಿಂದ ಎಂಜಿನಿಯರು ಬಂದು ಹಗ್ಗ ಕಟ್ಟಿ ಎಳೆದು ಅದನ್ನು ಬಿಡಿಸಿದರು. ರೋಗಿ ಒಳಗೇ ಮಲಗಿದ್ದಿದ್ದರೆ ಆ ಮಚ್ಚು ಅವನ ತಲೆಗೇ ಬಡಿಯುತ್ತಿತ್ತು. ಅಂದಿನಿಂದ ಬಾಗಿಲಲ್ಲಿ ಒಬ್ಬರು ನಿಲ್ಲದೆ ಬಾಗಿಲು ತೆರೆಯಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಫುಲ್ ಬಾಡಿ ಸ್ಕ್ಯಾನ್ ಎಂಬ ಹುಚ್ಚು ಶುರುವಾದದ್ದೂ ಆಗಲೇ. ಕುಣಿಗಲ್‌ನಿಂದ ನಿವೃತ್ತ ಮೇಷ್ಟ್ರೊಬ್ಬರು ಬಂದು, "ನೋಡಮ್ಮ, ನೆತ್ತಿಯಿಂದ ಅಂಗಾಲಿನವರೆಗೂ ತೆಗೆದುಬಿಡಿ. ಮುಂದೆ ಏನೇನು ಬರುತ್ತೋ ಎಲ್ಲಾ ಗೊತ್ತಾಗಿಬಿಡಲಿ" ಎಂದರು. ಕುಣಿಗಲ್ ನನ್ನ ತವರು, ಅವರು ನನ್ನ ಅಣ್ಣನಿಗೆ ಲೆಕ್ಕ ಕಲಿಸಿದವರು. ಸಲುಗೆಯಿಂದಲೇ ಹೇಳಿದೆ: "ಮೇಷ್ಟ್ರೇ, ಇದು ಜಾತಕ ಅಲ್ಲ. ಇವತ್ತು ಒಳಗೆ ಹೇಗಿದೆ ಅಂತ ತೋರ್ಸತ್ತೆ, ಅದೂ ಎಲ್ಲವನ್ನೂ ಅಲ್ಲ. ಏನೋ ಸಣ್ಣ ಗಂಟು ಕಂಡ್ರೆ ನೀವು ನಿದ್ದೆ ಬಿಡ್ತೀರ, ಅದು ಹುಟ್ಟಿದಾಗಿಂದ ಇದ್ದಿರಬಹುದು." ಕೇಳಲಿಲ್ಲ. ರಕ್ತ ಪರೀಕ್ಷೆಗೆಂಬಂತೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಬೇರೆ ಔಷಧಿ ಚುಚ್ಚುವುದಿಲ್ಲದಿದ್ದರೆ, ಡಾಕ್ಟರು ಬೇಡವೆಂದು ಹೇಳಿಲ್ಲದಿದ್ದರೆ ತಿಂಡಿ ತಿಂದೇ ಬರಬಹುದು. ಆಗಿನ ಮೆಷಿನ್ನಿನಲ್ಲಿ ತಲೆ, ಕತ್ತು, ಬೆನ್ನು, ಸೊಂಟ ಎಂದು ಒಂದೊಂದೇ ಭಾಗ ತೆಗೆಯಬೇಕು, ಪ್ರತಿ ಸಲವೂ ಅಲ್ಲಾಡದೆ ಮಲಗಬೇಕು. ಬೋರ್‌ವೆಲ್ ಕೊರೆಯುವ ಲಾರಿ ತಲೆಯ ಪಕ್ಕದಲ್ಲೇ ನಿಂತಂಥ ಸದ್ದು. ಭಯವಾದರೆ ಒತ್ತಲಿ ಎಂದು ಕೈಗೆ ರಬ್ಬರಿನ ಬೆಲ್ಲು ಕೊಟ್ಟಿರುತ್ತೇವೆ. ಮೇಷ್ಟ್ರು ಕತ್ತಿನ ಭಾಗ ನಡೆಯುವಾಗ ಅದನ್ನು ಒತ್ತಿದರು. ಎದ್ದುಬಿದ್ದು ಓಡಿದೆ. "ಎರಡು ಇಡ್ಲಿ ಸಿಗಬಹುದೇನಮ್ಮ?" ಎಂದರು.

ಇನ್ನು ರುದ್ರೇಶನ ವಿಷಯ.

ಅಂತರಸನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನು ಲೇತ್ ಕೆಲಸಗಾರ. ಕಬ್ಬಿಣ ಕಡೆಯುವುದು, ಉಜ್ಜುವುದು ಅವನ ಬದುಕು. ಎಡಗಾಲು ಜೋಮು ಹಿಡಿದು, ನಡೆಯುವಾಗ ಪಾದ ಎಳೆಯುತ್ತಿತ್ತು. ಬೆಂಗಳೂರಿನ ಸರ್ಜನ್ನರು ಮೆದುಳಿನಿಂದ ಹಿಡಿದು ಬೆನ್ನುಮೂಳೆಯ ಕೊನೆಯವರೆಗೆ ಸ್ಕ್ಯಾನ್ ಬರೆದಿದ್ದರು. ನಮ್ಮೂರ ಮಾತಿನಲ್ಲಿ ಅದೂ ಫುಲ್ ಬಾಡಿಯೇ. ಸ್ಕ್ಯಾನು ನೋಡಿದ ಮೇಲೆ ಆಪರೇಷನ್ನು. ಅವನಿಗೆ ಕಾಲೇ ಅನ್ನ. ದಿನವೆಲ್ಲ ಲೇತಿನ ಮುಂದೆ ನಿಲ್ಲಲಾಗದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಬೇಗ ಮುಗಿಯಬೇಕೆಂದು ಅವನಿಗೆ ತವಕ.

ನಾನು ಕಡ್ಡಾಯದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಲೇತ್ ಎಂದಾಗ ಸಹಜವಾಗಿ, "ಕಣ್ಣಲ್ಲಿ ಕಬ್ಬಿಣದ ಚೂರು ಏನಾದರೂ ಇದೆಯಾ?" ಎಂದೆ.

"ಇಲ್ಲ ಮೇಡಂ. ನಮ್ಗೆಲ್ಲ ಕನ್ನಡಕ ಕೊಟ್ಟವ್ರೆ."

"ಹಾಕ್ಕೋತೀರಾ?"

"ಹಾಕ್ಕೋತೀವಿ." ಸ್ವಲ್ಪ ಬಿಟ್ಟು ಹೇಳಿದ, "ಇನ್‌ಸ್ಪೆಕ್ಷನ್ನಿಗೆ ಬಂದಾಗ."

ನಕ್ಕೆವು. ಬೋರ್ಡು ತೋರಿಸಿ "ಓದಿದ್ಯಾ?" ಎಂದೆ. "ಓದಿದೆ ಮೇಡಂ" ಎಂದ, ಆ ಕಡೆ ತಿರುಗಿಯೂ ನೋಡದೆ. ಗೌನು ಕೊಟ್ಟು ಬಟ್ಟೆ ಬದಲಿಸಲು ಕಳಿಸಿದೆ.

ಅವನ ಹೆಂಡತಿ ಮಂಗಳಾ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮುಖ ಬಾಡಿತ್ತು. ಸುಮ್ಮನೆ ಪಕ್ಕದಲ್ಲಿ ಕೂತು ಯಾವೂರಮ್ಮ ಎಂದೆ. ತವರು ಹಾಗಲವಾಡಿ ಎಂದಳು. ಗುಬ್ಬಿಯಲ್ಲಿದ್ದಾಗ ನಿಮ್ಮೂರಿನವರು ನಮ್ಮ ಹತ್ತಿರ ಬಹಳ ಬರುತ್ತಿದ್ದರು ಎಂದೆ. ಊರಿನ ಹೆಸರು ಹೇಳಿದರೆ ಸಾಕು, ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

"ಇವ್ರು ನಮ್ಮೂರಿಗೆ ಬರೋದೇ ಕಮ್ಮಿ ಅಕ್ಕ. ಏನಾರ ಕಷ್ಟ ಬಂದ್ರೆ ಮಾತ್ರ ನಮ್ಮೂರು ನೆಪ್ಪಾಯ್ತದೆ. ಹೋದ್ ವರ್ಷ ದೊಡ್ಡಜ್ಜಿ ತಾವ್ ಬಂದಿದ್ರು, ಆಮೇಲೆ ಈ ಕಡೆ ತಲೆ ಹಾಕಿಲ್ಲ."

"ಯಾವ ದೊಡ್ಡಜ್ಜಿ?"

"ಅದೇ ಅಕ್ಕ, ಕಣ್ಣಿನ್ ಕಸ ತೆಗೀತಾರಲ್ಲ, ನಾಲ್ಗೇಲಿ."

ಹಳ್ಳಿಗಳಲ್ಲಿ ಇಂಥ ಅಜ್ಜಿಯರು ನಿಮಗೂ ಗೊತ್ತಿರಬಹುದು. ರಾಗಿ ಒಕ್ಕುವಾಗ ಹೊಟ್ಟು ಬಿದ್ದರೆ, ಧೂಳು ಬಿದ್ದರೆ, ರೆಪ್ಪೆ ಅಗಲಿಸಿ ನಾಲಿಗೆಯ ತುದಿಯಿಂದ ಸವರಿ ಕಸ ತೆಗೆಯುತ್ತಾರೆ. ನಮ್ಮ ಕುಣಿಗಲ್ ಬೀದಿಯಲ್ಲೂ ಒಬ್ಬರಿದ್ದರು, ಚಿಕ್ಕವಳಿದ್ದಾಗ ನನಗೂ ತೆಗೆದಿದ್ದಾರೆ. ಹೊಟ್ಟಿಗೆ ಅದು ಸರಿ. ಲೇತಿನಿಂದ ಸಿಡಿದ ಕಬ್ಬಿಣ ಹೊಟ್ಟಿನ ಹಾಗೆ ಮೇಲೆ ಕೂರುವುದಿಲ್ಲ, ಒಳಕ್ಕೆ ತೂರಿಕೊಳ್ಳುತ್ತದೆ.

ರುದ್ರೇಶ ಗೌನು ಹಾಕಿಕೊಂಡು ಬಂದು ಬಾಗಿಲ ಮುಂದೆ ನಿಂತಿದ್ದ. ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ರುದ್ರೇಶ, ಹಾಗಲವಾಡಿ ಅಜ್ಜಿ ನಿನ್ನ ಕಣ್ಣಿಂದ ಏನು ತೆಗೆದ್ರು?"

"ಅಯ್ಯೋ, ಅದಾ? ಗ್ರೈಂಡಿಂಗ್ ಮಾಡ್ವಾಗ ಏನೋ ಸಿಡೀತು. ಅಜ್ಜಿ ತೆಗೆದ್ರು, ಕರೀಕ್ ಇತ್ತು, ನಾಲ್ಗೆ ಮೇಲಿಟ್ಟು ತೋರ್ಸಿದ್ರು. ಮುಗೀತಲ್ಲ ಮೇಡಂ."

"ಮತ್ತೆ ಕೇಳಿದಾಗ ಇಲ್ಲ ಅಂದೆ?"

"ನೀವು ಐತಾ ಅಂತ ಕೇಳಿದ್ರಿ. ತೆಗೆದ್ಮೇಲೆ ಎಲ್ಲೈತೆ?"

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಜ್ಜಿ ತೆಗೆದದ್ದು ಹೋಯಿತು, ಹೋದದ್ದನ್ನು ಯಾರು ನೆನಪಿಡುತ್ತಾರೆ? ಆದರೆ ಅಜ್ಜಿ ತೆಗೆದದ್ದು ಮೇಲಿನ ಚೂರಾಗಿದ್ದು, ಒಳಗೆ ಇನ್ನೊಂದು ಉಳಿದಿದ್ದರೆ? ಈ ಅಯಸ್ಕಾಂತದ ಮುಂದೆ ಅದು ಸುಮ್ಮನಿರುವುದಿಲ್ಲ. ಕಣ್ಣೊಳಗೇ ಹೊರಳಿ ಸೀಳುತ್ತದೆ. ಆ ಕಣ್ಣು ಮತ್ತೆ ಬರುವುದಿಲ್ಲ.

"ಇವತ್ತು ಸ್ಕ್ಯಾನ್ ಇಲ್ಲ. ಮೊದ್ಲು ಕಣ್ಣಿಂದು ಎಕ್ಸ್‌ರೇ" ಎಂದೆ.

ರುದ್ರೇಶನಿಗೆ ಸಿಟ್ಟು ನೆತ್ತಿಗೇರಿತು. "ಕಾಲು ಹೋಗ್ತಾ ಐತೆ ಅಂತ ಬಂದ್ರೆ ಕಣ್ಣು ಅಂತೀರಲ್ಲ! ಕಣ್ಣು ಚೆನ್ನಾಗೇ ಐತೆ. ಕಾಲು ಹೋದ್ರೆ ನೀವ್ ಬಂದು ಲೇತ್ ತಿರುಗಿಸ್ತೀರಾ?" ಮ್ಯಾನೇಜರು ಓಡಿ ಬಂದರು. ಹಿಂದೆ ಇನ್ನೂ ರೋಗಿಗಳು ಕಾಯುತ್ತಿದ್ದರು. "ಅವರೇ ಇಲ್ಲ ಅಂತ ಹೇಳ್ತಿದಾರಲ್ಲ ಗಿರಿಜಾ ಮೇಡಂ, ಮುಗಿಸಿ ಕಳಿಸಿ" ಎಂದರು. ನಾನು ಬಾಗಿಲು ಬಿಡಲಿಲ್ಲ. ನಮ್ಮ ಡಾಕ್ಟರು ಆಚೆ ಬಂದು ನನ್ನನ್ನೂ ಅವನನ್ನೂ ನೋಡಿದರು. ಅಜ್ಜಿಯ ವಿಷಯ ಎರಡೇ ಮಾತಿನಲ್ಲಿ ಹೇಳಿದೆ. ಅವರು ಮ್ಯಾನೇಜರಿಗೆ, "ಅನುಮಾನ ಬಂದ್ಮೇಲೆ ಮುಗೀತು. ಎಕ್ಸ್‌ರೇ ತೆಗೀರಿ, ಅದರ ಬಿಲ್ ಹಾಕ್ಬೇಡಿ" ಎಂದರು. ಇಂಥ ಮೇಲಧಿಕಾರಿ ಸಿಕ್ಕುವುದು ಪುಣ್ಯ. ಸಿಕ್ಕದಿದ್ದರೂ ಬಾಗಿಲು ಬಿಡಬೇಡಿ.

ಎಕ್ಸ್‌ರೇ ನಾನೇ ತೆಗೆದೆ. ಕಣ್ಣು ಮೇಲಕ್ಕೆ ನೋಡುತ್ತಾ ಒಂದು, ಕೆಳಕ್ಕೆ ನೋಡುತ್ತಾ ಒಂದು. ಗುಬ್ಬಿಯ ತೊಟ್ಟಿಗಳ ಕಾಲ ಮುಗಿದಿತ್ತು; ಫಿಲ್ಮು ಮೆಷಿನ್ನಿನಿಂದ ಒಣಗಿಯೇ ಬಂತು. ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಎಡಗಣ್ಣಿನ ಗೂಡಿನಲ್ಲಿ ರಾಗಿ ಕಾಳಿಗಿಂತ ಸಣ್ಣದಾದ ಬಿಳಿ ಚುಕ್ಕೆ. ಇನ್ನೊಂದು ಫಿಲ್ಮಿನಲ್ಲಿ ಅದು ಕಣ್ಣಿನ ಜೊತೆಗೇ ಜಾಗ ಬದಲಿಸಿತ್ತು. ಅಂದರೆ ಇರುವುದು ಕಣ್ಣೊಳಗೇ.

ನಾನು ರುದ್ರೇಶನನ್ನು ಕರೆದು ತೋರಿಸಿದೆ. ಕಬ್ಬಿಣದ ಕೆಲಸ ಮಾಡುವವನಿಗೆ ಕಬ್ಬಿಣದ ಗುರುತು ಹೇಳಿಕೊಡಬೇಕೇ? ಬಹಳ ಹೊತ್ತು ನೋಡಿದ. ಸಿಟ್ಟೆಲ್ಲ ಇಳಿದು ಹೋಗಿತ್ತು. ಕೊನೆಗೆ ಹೆಂಡತಿಗೆ, "ನೀನು ಬಾಯಿ ಬಿಡ್ದೆ ಇದ್ದಿದ್ರೆ..." ಎಂದ. ಮಂಗಳಾ ಅವನ ತೋಳು ಹಿಡಿದುಕೊಂಡಳು. ನಾನು ನೀರು ತರುವ ನೆಪ ಮಾಡಿ ಆಚೆ ಹೋದೆ. ನಿಜ ಹೇಳುತ್ತೇನೆ, ಅವತ್ತು ನನಗೆ ಹೆಮ್ಮೆಗಿಂತ ಹೆಚ್ಚು ಹೆದರಿಕೆಯಾಗಿತ್ತು. ಅವಳ ತವರು ಯಾವುದೆಂದು ಕೇಳದೆ ಎದ್ದು ಹೋಗಿದ್ದರೆ?

ಡಾಕ್ಟರು ಸರ್ಜನ್ನರಿಗೆ ಫೋನು ಮಾಡಿದರು. ಕಾಲು ಸ್ವಲ್ಪ ಕಾಯಬಹುದು, ಮಾತ್ರೆ, ವಿಶ್ರಾಂತಿ ಇರಲಿ, ಮೊದಲು ಕಣ್ಣು ಎಂದರು ಅವರು. ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಚೂರು ತೆಗೆದರು. ಹಾಗೇ ಬಿಟ್ಟಿದ್ದರೆ ಸ್ಕ್ಯಾನಿನ ಮಾತಿರಲಿ, ತುಕ್ಕೇ ಕಣ್ಣನ್ನು ತಿಂದುಬಿಡುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ರಾತ್ರಿ ಹೊತ್ತು ಎಡಗಣ್ಣು ಮಂಜಾಗುತ್ತಿದೆ ಎಂದು ಅವನಿಗೂ ಅನಿಸಿತ್ತಂತೆ, ವಯಸ್ಸಾಯಿತೆಂದುಕೊಂಡು ಸುಮ್ಮನಿದ್ದ.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. "ಕಣ್ಣಲ್ಲಿ ಚೂರು ಇದೆಯಾ?" ಎಂದು ಯಾರನ್ನೂ ಕೇಳಲಿಲ್ಲ. "ಕಣ್ಣಿಗೆ ಕಸ ಬಿದ್ದಾಗ ಯಾರ ಹತ್ರ ತೆಗೆಸ್ಕೋತೀರಿ?" ಎಂದು ಕೇಳುತ್ತಿದ್ದೆ. ಅಂತರಸನಹಳ್ಳಿಯಿಂದ ಬಂದವರು ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬನಿಗೆ ಪಕ್ಕದ ಮೆಷಿನ್ನಿನ ಗೆಳೆಯ ಕರವಸ್ತ್ರದ ತುದಿಯಿಂದ, ಇನ್ನೊಬ್ಬನಿಗೆ ಮೇಸ್ತ್ರಿ ಬೆಂಕಿಕಡ್ಡಿಯಿಂದ. ರಾಡು, ಕ್ಲಿಪ್ಪು ಎಂದರೂ ಅಷ್ಟೇ. "ಆಪರೇಷನ್ ಆಗಿದೆಯಾ?" ಎಂದರೆ ಇಲ್ಲ ಎನ್ನುತ್ತಾರೆ. "ಯಾವಾಗ ಬಿದ್ರಿ, ಎಷ್ಟು ದಿನ ಮಲಗಿದ್ರಿ, ಯಾರು ನೋಡ್ಕೊಂಡ್ರು?" ಎಂದು ಕೇಳಿ, ಸ್ಟೀಲು ತಾನಾಗಿ ಆಚೆ ಬರುತ್ತದೆ.

ರೋಗಿಗಳಾಗಿ ಇದನ್ನು ಓದುತ್ತಿರುವವರಿಗೂ ಒಂದು ಮಾತು. ಬಾಗಿಲಲ್ಲಿ ನಿಂತವರು ಊರು ಕೇರಿ ವಿಚಾರಿಸಿದರೆ ಹರಟೆ ಎಂದು ಬೇಸರ ಪಡಬೇಡಿ. ತೆಗೆದದ್ದನ್ನೂ ಹೇಳಿ, ವಾಸಿಯಾದದ್ದನ್ನೂ ಹೇಳಿ, ಮರೆತದ್ದನ್ನು ಹೆಂಡತಿಯನ್ನೋ ಗಂಡನನ್ನೋ ಕೇಳಿ ಹೇಳಿ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ರುದ್ರೇಶ ಕೋಲೂರಿಕೊಂಡು ಮತ್ತೆ ಬಂದ, ಜೊತೆಗೆ ಮಂಗಳಾ. ಕಣ್ಣು ಸ್ವಚ್ಛವಾಗಿದೆ, ಸ್ಕ್ಯಾನ್ ಮಾಡಬಹುದು ಎಂದು ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದರು. ಆದರೂ ನಾನು ನನ್ನ ಪಾಠ ಶುರು ಮಾಡಿದೆ. ಅವನು ಕೈ ಎತ್ತಿ ತಡೆದ.

"ಒಂದ್ನಿಮಿಷ ಮೇಡಂ."

ಬೆಂಚಿನ ಮೇಲೆ ನೆಟ್ಟಗೆ ಕೂತ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಎಡಗಣ್ಣೊಂದರಲ್ಲೇ ಎದುರಿನ ಬೋರ್ಡನ್ನು, ಮೇಲಿನ ದಪ್ಪ ಅಕ್ಷರದಿಂದ ಶುರು ಮಾಡಿ, ಮೊದಲ ತರಗತಿಯ ಮಗುವಿನ ಹಾಗೆ ಗಟ್ಟಿಯಾಗಿ ಓದತೊಡಗಿದ. ಪೇಸ್‌ಮೇಕರು ಆಯಿತು, ಕ್ಲಿಪ್ಪು ಆಯಿತು, ರಾಡು ಆಯಿತು. ಅಕ್ಷರ ಸಣ್ಣದಾದಂತೆ ನಿಧಾನವಾದ, ಆದರೆ ನಿಲ್ಲಲಿಲ್ಲ. "ಕಣ್ಣಿನೊಳಗೆ... ಲೋಹದ... ಚೂರು... ಇದ್ದಲ್ಲಿ... ಸಿಬ್ಬಂದಿಗೆ... ತಿಳಿಸಿ." ಮಂಗಳಾ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ನಾನೂ ಅತ್ತೆ, ನಾಚಿಕೆ ಏನಿಲ್ಲ.

"ಈ ಸಲ ಓದಿದೀನಿ ಮೇಡಂ" ಎಂದ.

"ಸಂತೋಷ ಕಣಪ್ಪ. ಈಗ ಜೇಬು ತೋರ್ಸು."

ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಮುಖ ಸಣ್ಣದಾಯಿತು. ಮೆಲ್ಲಗೆ ಒಂದು ದಪ್ಪ ನಟ್ಟು ತೆಗೆದು ನನ್ನ ಅಂಗೈಯಲ್ಲಿಟ್ಟ.